ಅಲೆಪ್ಪೊ ಕ್ಲಬ್ಬಿಗೆ ಬೆಂಗಳೂರಿನ ಗೋಲ್‌ಕೀಪರ್

ಯೂನಿಯನ್ ಸಿಟಿಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ಒಂದು ಮೈದಾನವಿದೆ. ಹಾಸಿಗೆಯಂಥ ಹುಲ್ಲು, ಬಲೆ ಕಟ್ಟಿದ ಗೋಲುಕಂಬಗಳು, ಬೆಳಗಾದರೆ ತಾನೇ ಚಿಮ್ಮಿ ತಾನೇ ನಿಲ್ಲುವ ನೀರು. ಬಂದ ಮೊದಲ ವಾರವೆಲ್ಲ ಕಿಟಕಿಯಲ್ಲಿ ನಿಂತು ಕಾದೆ. ಒಂದು ನರಪಿಳ್ಳೆಯೂ ಆಡಲು ಬರಲಿಲ್ಲ. ನಾನು ಬೆಳೆದ ಬೆಂಗಳೂರಿನ ಆಸ್ಟಿನ್ ಟೌನಿನಲ್ಲಿ ಜಲ್ಲಿಕಲ್ಲಿನ ಒಂದು ತುಂಡು ನೆಲಕ್ಕೆ ನಾಲ್ಕು ತಂಡ ಕಿತ್ತಾಡುತ್ತಿದ್ದವು. ಬಿದ್ದರೆ ಮೊಣಕೈಯ ಚರ್ಮ ಅಲ್ಲೇ ಉಳಿಯುತ್ತಿತ್ತು. ಇಲ್ಲಿ ಇಷ್ಟು ಹುಲ್ಲನ್ನು ಯಾರಿಗಾಗಿ ಬೆಳೆಸಿದ್ದಾರೋ ದೇವರಿಗೇ ಗೊತ್ತು.

ಇಲ್ಲಿಯವರು ಫುಟ್‌ಬಾಲ್ ಅನ್ನುವುದು ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುವ ಆಟಕ್ಕೆ. ಕಾಲಿನಿಂದ ಒದೆಯುವ ನಮ್ಮ ಆಟಕ್ಕೆ ಸಾಕರ್ ಎನ್ನುತ್ತಾರೆ, ಅದನ್ನು ಮಕ್ಕಳ ಆಟವೆಂದುಕೊಂಡಿದ್ದಾರೆ. ನಾನು ಬೆಂಗಳೂರಿನ ಒಂದು ಕಾರ್ಖಾನೆಯ ತಂಡಕ್ಕೆ ಒಂಬತ್ತು ವರ್ಷ ಗೋಲ್‌ಕೀಪರ್ ಆಗಿದ್ದವನು. ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದೂ ಆಟದ ದೆಸೆಯಿಂದಲೇ. ಹೆಂಡತಿ ಲೀಲಾ ನರ್ಸು. ಅವಳಿಗೆ ಇಲ್ಲಿಯ ಆಸ್ಪತ್ರೆಯಲ್ಲಿ ಕೆಲಸವಾಯಿತು, ಅವಳ ಬೆನ್ನಿಗೆ ಬಾಲವಾಗಿ ನಾನು ಬಂದೆ. ನನ್ನ ವೀಸಾದಲ್ಲಿ ದುಡಿಯುವ ಹಾಗಿಲ್ಲ.

ಪಕ್ಕದೂರು ಫ್ರೀಮಾಂಟಿನಲ್ಲಿ ನಮ್ಮ ಕನ್ನಡದವರು ಹಬ್ಬಕ್ಕೆ ಸೇರಿದ್ದಾಗ ಮೈಸೂರಿನ ಇಂಜಿನಿಯರೊಬ್ಬರು ಕೇಳಿದರು, "ಸಾರ್, ನೀವು ಯಾವ ಕಂಪನೀಲಿದೀರ?"

"ಸದ್ಯಕ್ಕೆ ಎಲ್ಲೂ ಇಲ್ಲ. ಮನೇಲೇ."

"ಓ," ಎಂದರು. ಆಮೇಲೆ ಅವರಿಗೆ ಕೋಸಂಬರಿಯ ಕಡೆಗೆ ತುರ್ತಾಗಿ ಹೋಗಬೇಕಾಯಿತು. ನನಗೆ ಅವಮಾನವೂ ಆಗಲಿಲ್ಲ. ನಿಮಗೆ ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದವನ ದವಡೆಯ ಹಾಗೆ ಮೈಯೆಲ್ಲ ಮರಗಟ್ಟಿತ್ತು. ಅನ್ನ ಮಾಡುತ್ತಿದ್ದೆ, ಬಟ್ಟೆ ಒಗೆಯುವ ಯಂತ್ರಕ್ಕೆ ಚಿಲ್ಲರೆ ಹಾಕುತ್ತಿದ್ದೆ, ಲೀಲಾ ಬಂದರೆ ಬಡಿಸುತ್ತಿದ್ದೆ. ಊರಿನಲ್ಲಿ ನನ್ನ ಜಾಗಕ್ಕೆ ಬೇರೆ ಕೀಪರನ್ನು ತೆಗೆದುಕೊಂಡರು ಎಂದು ತಮ್ಮ ಬರೆದ. ಓದಿ, ಮಡಿಸಿ, ಒಗ್ಗರಣೆಗೆ ಈರುಳ್ಳಿ ಹೆಚ್ಚಿದೆ.

ಕಡಲೆಕಾಳು, ಹುಣಸೆಹಣ್ಣು ತರಲು ನಾನು ಹೋಗುತ್ತಿದ್ದದ್ದು ಒಬ್ಬ ಸಿರಿಯಾದವರ ಗ್ರೋಸರಿ ಅಂಗಡಿಗೆ. ಅವರನ್ನು ಎಲ್ಲರೂ ಅಬು ಸಲೀಂ ಎನ್ನುತ್ತಾರೆ. ಅಬು ಎಂದರೆ ಅಪ್ಪ. ನಮ್ಮಲ್ಲಿ ಹೆಂಗಸರು ಗಂಡನ ಹೆಸರು ಹಿಡಿಯದೆ 'ಪುಟ್ಟಿ ಅಪ್ಪ' ಎಂದು ಕೂಗುವುದಿಲ್ಲವೇ, ಅವರಲ್ಲಿ ಊರಿಗೆ ಊರೇ ಹಾಗೆ ಕೂಗುತ್ತದೆ. ಗಲ್ಲಾದ ಮೇಲೆ ಒಂದು ಕಪ್ಪುಬಿಳುಪು ಫೋಟೊ ನೇತಾಡುತ್ತಿತ್ತು. ಹನ್ನೊಂದು ಜನ, ನಡುವೆ ಹೊಲಿಗೆ ಬಿಟ್ಟ ಒಂದು ಚರ್ಮದ ಚೆಂಡು.

ಅದು ಸಿರಿಯಾದ ಅಲೆಪ್ಪೊ ಪಟ್ಟಣದ ಅವರ ಕ್ಲಬ್ಬು. ಫ್ರೆಂಚರು ಆಳುತ್ತಿದ್ದ ಕಾಲದಲ್ಲಿ ಅಬು ಸಲೀಮರ ಅಪ್ಪ ಮತ್ತು ಓಣಿಯ ಗೆಳೆಯರು ಕಟ್ಟಿದ್ದಂತೆ. ಫ್ರೆಂಚ್ ಸಿಪಾಯಿಗಳನ್ನು ಸೋಲಿಸಿದ ದಿನ, ಸಾಬೂನಿಗೆ ಹೆಸರಾದ ಆ ಪೇಟೆಯಲ್ಲಿ ಸಾಬೂನು ಮಾರುವವರೆಲ್ಲ ಅಂಗಡಿ ಮುಚ್ಚಿ ಕುಣಿದರಂತೆ. ಅಬು ಸಲೀಂ ತಾವೂ ಆಡಿದರು. ಆಮೇಲೆ ಸರ್ಕಾರ ಹಳೆಯ ಕ್ಲಬ್ಬುಗಳನ್ನು ಒಂದರೊಳಗೊಂದು ಸೇರಿಸಿ ಹೊಸ ಹೆಸರಿಟ್ಟಿತು. ಹಳೆಯ ಹೆಸರಿನಲ್ಲಿ ಆಡುವವರು ಈಗ ಇಲ್ಲಿ ಮಾತ್ರ, ಫ್ರೀಮಾಂಟಿನ ಪಾರ್ಕಿನಲ್ಲಿ, ಭಾನುವಾರ. ಬಣ್ಣ ಬಳಿಯುವವರು, ಲಾರಿ ಓಡಿಸುವವರು, ಒಬ್ಬ ದಂತವೈದ್ಯ. ಆ ಹೆಸರನ್ನು ನನ್ನ ನಾಲಿಗೆ ಇನ್ನೂ ಸರಿಯಾಗಿ ಹಿಡಿದಿಲ್ಲ, ಇಲ್ಲಿ ಬರೆದು ಕೆಡಿಸಲಾರೆ.

ನಾನೂ ಆಡುತ್ತಿದ್ದೆ ಎಂದು ಅವರಿಗೆ ಹೇಳಲಿಲ್ಲ. ಯಾಕೆ ಎಂದು ಕೇಳಿದರೆ ಗೊತ್ತಿಲ್ಲ. ಹೇಳಲು ಬೇಕಾದಷ್ಟು ಆಸೆಯೂ ಇರಲಿಲ್ಲ.

ಒಂದು ಶನಿವಾರ ಸಂಜೆ ಕಾಳು ಕಟ್ಟಿಸಿಕೊಳ್ಳುವಾಗ, "ಹಿತ್ತಲಿಗೆ ಬಾ, ಕಾಫಿ ಕುಡಿದು ಹೋಗು," ಎಂದರು. ಅಲ್ಲಿ ತಂಡದವರೆಲ್ಲ ಸಪ್ಪೆ ಮುಖ ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿದ್ದ ನಬೀಲ್, ಮನೆಗಳಿಗೆ ಬಣ್ಣ ಬಳಿಯುವವನು, ವಿಷಯ ತಿಳಿಸಿದ. ಗೋಲ್‌ಕೀಪರ್ ದೂರದ ಮಾರ್ಗನ್ ಹಿಲ್ ಆಚೆಗೆ ಮನೆ ಮಾಡಿ ಹೊರಟುಹೋದ. ಇವರ ಮಕ್ಕಳಿಗೆ ಬೇಸ್‌ಬಾಲೇ ಬೇಕು. ಇನ್ನೊಂದು ತಂಡದವರು, ಬನ್ನಿ, ನಮ್ಮ ಹೆಸರಲ್ಲಿ ಆಡಿ ಎಂದಿದ್ದಾರೆ. ಇವತ್ತು ಅಬು ಸಲೀಂ ಕ್ಲಬ್ಬು ಮುಚ್ಚುತ್ತಾರೆ.

ಕಾಫಿ ಬಂತು. ಹಿಡಿಯಿಲ್ಲದ ಪುಟ್ಟ ಬಟ್ಟಲು, ತಳದಲ್ಲಿ ಎರಡು ಗುಟುಕು. ಮೂಸಿದೆ. ಹಾಲಿಲ್ಲ, ಸಕ್ಕರೆಯಿಲ್ಲ, ಬೇವಿನಂಥ ಕಹಿಗೆ ಏಲಕ್ಕಿ ಬೇರೆ. ನಾವು ಏಲಕ್ಕಿ ಹಾಕುವುದು ಪಾಯಸಕ್ಕೆ. ಡಿಕಾಕ್ಷನ್ ಇಷ್ಟು, ಹಾಲು ಅಷ್ಟು ಎಂದು ಅಳೆದು ಕುಡಿದು ಬೆಳೆದವನಿಗೆ ಅದು ಗಂಟಲಲ್ಲಿ ಇಳಿಯುವುದೆಂತು? ಯಾರಿಗೂ ಕಾಣದಿರಲೆಂದು ಮೆಲ್ಲಗೆ ಕಾಲಬುಡದಲ್ಲಿ ಇಟ್ಟೆ.

ತಲೆಯೆತ್ತಿದೆ. ಎಲ್ಲರೂ ನನ್ನ ಬಟ್ಟಲನ್ನೇ ನೋಡುತ್ತಿದ್ದರು. ಅಬು ಸಲೀಂ ಎದ್ದು ಎದೆಯ ಮೇಲೆ ಕೈಯಿಟ್ಟು ಅರಬ್ಬಿಯಲ್ಲಿ ಏನೋ ಹೇಳಿದರು.

"ಏನಂತೆ?" ಎಂದೆ.

ನಬೀಲ್ ಪಿಸುಗುಟ್ಟಿದ, "ಅವರ ತಾಯಿಯ ಕಡೆಯವರು ಮರುಭೂಮಿಯಂಚಿನವರು. ಅಲ್ಲಿ ಅತಿಥಿ ಕಾಫಿ ಕುಡಿಯದೆ ಕೆಳಗಿಟ್ಟರೆ ಅವನಿಗೆ ಏನೋ ಬೇಕಾಗಿದೆ ಅಂತ ಅರ್ಥ. ಕುಡಿ, ನೀನು ಕೇಳಿದ್ದು ಕೊಟ್ಟಾಯಿತು ಅಂತಿದ್ದಾರೆ. ಏನು ಬೇಕು, ಕೇಳು."

ಬಿಸಿತುಪ್ಪ ಬಾಯಲ್ಲಿಟ್ಟ ಹಾಗಾಯಿತು. ನಿಮ್ಮ ಕಾಫಿ ಕಹಿ ಎಂದು ಅಷ್ಟು ಜನರ ಮುಂದೆ ಹೇಳಲಾದೀತೇ? ಏನೂ ಬೇಡ ಎಂದರೆ ಅವರ ಮಾತಿಗೆ ಬೆಲೆ ಎಲ್ಲಿ? ಏನು ಬೇಕು ಎಂದು ಈ ದೇಶದಲ್ಲಿ ನನ್ನನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಒಳಗೆ ಹುಡುಕಿದೆ. ಖಾಲಿ. ಆ ಖಾಲಿಯ ಮೂಲೆಯಿಂದ ಒಂದು ದನಿ ಹೊರಟಿತು, ನನ್ನದೇ.

"ನನ್ನನ್ನು ಗೋಲಿನಲ್ಲಿ ನಿಲ್ಲಲು ಬಿಡಿ. ನಾಳೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನೂ ಆಡಿದ್ದೆ, ಅವರೂ ಆಡಿದ್ದರು. ನಾಳೆ ನಾನು ನಿಲ್ಲಬೇಕೆಂದರೆ ನಾಳೆ ಕ್ಲಬ್ಬು ಇರಬೇಕು. ಅಬು ಸಲೀಂ ತುಂಬ ಹೊತ್ತು ನನ್ನ ಕೈಗಳನ್ನು ನೋಡಿದರು, ವಕ್ರವಾಗಿ ಕೂಡಿಕೊಂಡ ಹಳೆಯ ಬೆರಳುಗಳನ್ನು. ಅಲ್ಲಿಯವರೆಗೆ ಅವರಿಗೆ ನಾನು ಕಡಲೆಕಾಳಿನ ಗಿರಾಕಿ ಅಷ್ಟೇ.

"ಮೊದಲೇ ಹೇಳೋದಲ್ವೇನಯ್ಯಾ," ಎಂದು ಇಂಗ್ಲಿಷಿನಲ್ಲಿ ಬೈದು, "ಕುಡಿ," ಎಂದರು. ಒಂದೇ ಗುಟುಕಿಗೆ ನುಂಗಿದೆ. ಕಣ್ಣಲ್ಲಿ ನೀರು ಬಂತು. ಅವರು ಅದನ್ನು ಭಕ್ತಿ ಎಂದುಕೊಂಡಿರಬೇಕು, ಮತ್ತೊಂದು ಬಟ್ಟಲು ಸುರಿದರು.

ಮರುದಿನ ಹತ್ತಿರದ ಸಮುದ್ರದ ಕೊಲ್ಲಿಯ ಕಡೆಯಿಂದ ತಣ್ಣನೆಯ ಗಾಳಿ ಹೊಡೆಯುತ್ತಿತ್ತು. ಹಸಿರು ಅಂಗಿ ಕೊಟ್ಟರು, ಹೊಟ್ಟೆಯ ಹತ್ತಿರ ಬಿಗಿ. ಅವರು ಅರಬ್ಬಿಯಲ್ಲಿ ಕೂಗಿದರು, ನಾನು "ಬಿಡ್ಬೇಡ, ಎಡಗಡೆ ನೋಡ್ಕೊ!" ಎಂದು ಕನ್ನಡದಲ್ಲಿ ಕೂಗಿದೆ, ನಬೀಲ್ ಎಡಗಡೆಗೇ ಓಡಿದ. ಎರಡು ಗೋಲು ಬಿಟ್ಟೆ. ಮೂರನೆಯದಕ್ಕೆ ಹಾರಿದಾಗ ಚೆಂಡು ಉಂಗುರದ ಬೆರಳಿಗೆ ಬಡಿದು ಕಂಬದಾಚೆ ಹೋಯಿತು. ನೋವು ಮೊಣಕೈವರೆಗೆ ಚಳಕ್ಕೆಂದಿತು. ಈ ದೇಶಕ್ಕೆ ಬಂದಮೇಲೆ ನನಗೆ ಸರಿಯಾಗಿ ಏನಾದರೂ ಅನ್ನಿಸಿದ್ದು ಆಗಲೇ. ಹುಲ್ಲಿನ ಮೇಲೆ ಬಿದ್ದುಕೊಂಡು, ಪೆದ್ದನ ಹಾಗೆ ನಕ್ಕೆ.

ಮನೆಗೆ ಬಂದಾಗ ಲೀಲಾ ಡ್ಯೂಟಿ ಮುಗಿಸಿ ಆಗತಾನೇ ಬಂದಿದ್ದಳು.

"ಅಯ್ಯೋ, ಏನ್ರೀ ಇದು ಬೆರಳು!" ಎಂದು ಕೈ ಎಳೆದುಕೊಂಡು ಪಟ್ಟಿ ಸುತ್ತತೊಡಗಿದಳು. "ಆಡಕ್ ಹೋಗಿದ್ರಾ? ಯಾರು ಗೆದ್ರು?"

"ನಾವು ಸೋತ್ವಿ."

ಸುತ್ತುತ್ತಿದ್ದ ಕೈ ನಿಂತಿತು. "ನಾವು ಅಂದ್ರೆ ಯಾರ್ರೀ?"

ಬೆಂಗಳೂರಿನ ತಂಡದಲ್ಲಿ ನನಗೀಗ ಜಾಗವಿಲ್ಲ. ಅಲೆಪ್ಪೊದಲ್ಲಿ ಈ ಹೆಸರಿನ ಕ್ಲಬ್ಬೇ ಇಲ್ಲ. ಇಲ್ಲಿ ನನಗೆ ದುಡಿಯುವ ಹಕ್ಕಿಲ್ಲ. ಬೆರಳು ಪಟಪಟ ಮಿಡಿಯುತ್ತಿತ್ತು.

"ಇನ್ನೂ ಸ್ವಲ್ಪ ಬಿಗಿಯಾಗಿ ಕಟ್ಟೇ," ಎಂದೆ. "ಮುಂದಿನ ಭಾನುವಾರ ನಮ್ದು ಮ್ಯಾಚಿದೆ."