ಬರ್ನಿ ಡೀನ್, ಮುಕ್ಕಾಂ ಆಳಂದ

ರೀಇಷ್ಯೂ ಎಂದರೆ ನನಗೆ ಗೊತ್ತಿದ್ದದ್ದು ಒಂದೇ: ಕಳೆದುಹೋದ ರೇಷನ್ ಕಾರ್ಡು. ಆಳಂದದ ಸೇವಾ ಕೇಂದ್ರದಲ್ಲಿ ದಿನವಿಡೀ ಕಂಪ್ಯೂಟರಿನ ಕೀಲಿ ಕುಟ್ಟುವವನ ತಲೆಯಲ್ಲಿ ಇನ್ನೇನಿರುತ್ತದೆ? ಹಾಗಾಗಿ ಬುರಾನುದ್ದೀನ ಮಾಸ್ತರರು ಮುಂಬೈಯಿಂದ ಬಂದ ಇಂಗ್ಲಿಷ್ ಪತ್ರ ಮುಂದಿಟ್ಟಾಗ, ‘ಆಲ್ಬಮ್ ರೀಇಷ್ಯೂ’ ಎಂಬಷ್ಟನ್ನೇ ಓದಿ ಪಂಡಿತನಂತೆ ಹೇಳಿದೆ: “ಮೊದಲ ಠಾಣಾಕ್ಕ ಹೋಗಿ ಕಳದದ ಅಂತ ಕಂಪ್ಲೇಂಟ್ ಕೊಡ್ರಿ. ಆಮ್ಯಾಲ ಅಫಿಡವಿಟ್, ಎರಡು ಫೋಟೋ.”

“ಏನ್ ಕಳದದಲೇ ಕಲ್ಲಿನಾಥ? ನಿನ್ನ ಅಕಲ್ ಏನ್?” ಎಂದರು.

ಪತ್ರ ಪೂರ್ತಿ ಓದಿದ ಮೇಲೆ ತಿಳಿಯಿತು. ನಮ್ಮ ಕಡೆ ಮದುವೆಗಳಲ್ಲಿ ಬ್ಯಾಂಡಿನ ಮುಂದೆ ನಿಂತು ಸ್ಯಾಕ್ಸೋಫೋನ್ ಊದುವ ಈ ಎಪ್ಪತ್ತಾರರ ಮುದುಕ, ಹರೆಯದಲ್ಲಿ ಮುಂಬೈ ಹೋಟೆಲೊಂದರ ಐವರು ವಾದ್ಯದವರನ್ನು ಕೂಡಿಸಿ ಜಾಜ್-ಫಂಕ್ ಸಂಗೀತದ ರೆಕಾರ್ಡು ಮಾಡಿದ್ದರು. ಬುರಾನುದ್ದೀನ ಎಂದರೆ ಯಾರು ಕೊಳ್ಳುತ್ತಾರೆಂದು ಅಂದಿನ ರೆಕಾರ್ಡ್ ಕಂಪನಿಯ ಮಾಲೀಕ ಕವರಿನ ಮೇಲೆ ‘ಬರ್ನಿ ಡೀನ್’ ಎಂದು ಅಚ್ಚು ಹಾಕಿಸಿದ. ಆದರೂ ಯಾರೂ ಕೊಳ್ಳಲಿಲ್ಲ. ಮಾಸ್ತರರು ಊರಿಗೆ ಮರಳಿ ಬ್ಯಾಂಡ್ ಕಟ್ಟಿದರು.

ಈಗ ಹೊಸ ಕಂಪನಿಯೊಂದು ಅದನ್ನು ಮತ್ತೆ ಹೊರತರುತ್ತದಂತೆ. ಮಾಸ್ತರರ ಸಹಿಯೊಂದು ಬೇಕು. ಪತ್ರದ ತುಂಬ ಹೊಗಳಿಕೆ. ಮೂರನೆಯ ಹಾಡಿನಲ್ಲಿ ಆಫ್ರಿಕದ ಕಾಡಿನ ಲಯ ಕೇಳಿಸಿತಂತೆ ಪತ್ರ ಬರೆದ ಪಂಡಿತರಿಗೆ. ಅದು ನಮ್ಮ ತಾಲೂಕಿನ ನಿಂಬರ್ಗಾದಲ್ಲಿ ಮದುಮಗನನ್ನು ಕುದುರೆ ಹತ್ತಿಸುವಾಗ ಇವರು ಇಂದಿಗೂ ಊದುವ ಧಾಟಿ. ಆ ಬಾಡಿಗೆ ಕುದುರೆಗೂ ಅದು ಗೊತ್ತು.

ಮಾಸ್ತರರದು ಒಂದೇ ಷರತ್ತು: ಕವರಿನ ಮೇಲೆ ತಮ್ಮ ಸ್ವಂತ ಹೆಸರು ಬರಬೇಕು, ಜೊತೆಗೆ ಊರು. ಹಾಗೆಂದು ನಾನೇ ನನ್ನ ನಂಬರು ಹಾಕಿ ಈಮೇಲಿನಲ್ಲಿ ಉತ್ತರ ಬರೆದೆ. ಮೂರನೆಯ ದಿನ ಕಂಪನಿಯ ರಾಧಿಕಾ ನನ್ನ ಮೊಬೈಲಿಗೆ ವಿಡಿಯೋ ಕಾಲ್ ಮಾಡಿದಳು. ಹಿಂದಿಯಲ್ಲಿ ಬೆಲ್ಲ ಸುರಿಸಿದಳು: ಅಂಕಲ್, ಬರ್ನಿ ಡೀನ್ ಹೆಸರಿಗೇ ಈಗ ಕ್ರೇಜ್, ನಿಮ್ಮ ಹೆಸರನ್ನು ಹಿಂಬದಿಯಲ್ಲಿ ಸಣ್ಣಗೆ ಹಾಕುತ್ತೇವೆ.

ಉರ್ದು ಮನೆಮಾತಾಗಿದ್ದರೂ ಪಕ್ಕದಲ್ಲಿ ಕೂತಿದ್ದ ಮಾಸ್ತರರು ಬೇಕೆಂದೇ ಕನ್ನಡದಲ್ಲಿ, ನನ್ನ ಕಡೆ ತಿರುಗಿ ಹೇಳಿದರು: “ಹಂಗಾದ್ರ ಸಹೀನೂ ಆ ಬರ್ನಿ ಡೀನ್ ಕಡೀಂದೇ ಹಾಕಿಸ್ಕೊ ಅನ್ನು ಆಕಿಗಿ.”

ಅದನ್ನೇ ಹಿಂದಿಯಲ್ಲಿ ಅಂದೆ. ಅವಳ ಮುಖ ಬಿಗಿಯಿತು. ನೀವು ಸಹಿ ಹಾಕದಿದ್ದರೆ ಈ ಸಂಗೀತವನ್ನು ಯಾರೂ ಕೇಳುವುದೇ ಇಲ್ಲ, ನಿಮಗದು ನಡೆಯುತ್ತದೆಯೇ ಎಂದಳು. ನಾನಾಗಿದ್ದರೆ ಅಷ್ಟೊತ್ತಿಗೆ ಎರಡು ಕಡೆ ಸಹಿ ಹಾಕಿ, ಮುದ್ರೆಯನ್ನೂ ಒತ್ತಿರುತ್ತಿದ್ದೆ.

ಮಾಸ್ತರರು ಎದ್ದು ಟೋಪಿ ಸರಿಮಾಡಿಕೊಂಡರು.

“ಐವತ್ತು ವರ್ಷ ಆತು, ಯಾರೂ ಕೇಳಿಲ್ಲ. ಅದಕ್ಕ ಯಾವನ ಲಗ್ನ ನಿಂತದ, ಕೇಳು ಆಕಿಗಿ.”