ವಸಂತವಿಲ್ಲದ ಊರಿನಲ್ಲಿ ಟ್ಯಾರೋ ಎಲೆಗಳು

"ಎಡಗೈಯಿಂದ ಎತ್ತಬೇಕು" ಎಂದಳು ಫಿಯೋನಾ.

ನಾನು ಕೈ ಚಾಚಲಿಲ್ಲ. ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿತ್ತು. ಅದರ ಮೇಲೆ ಬಣ್ಣ ಬಳಿದ ಕೋಳಿಮೊಟ್ಟೆಗಳು, ಬೀಜ ತುಂಬಿದ ಬಟ್ಟಲು, ಮಧ್ಯಾಹ್ನದ ಬಿಸಿಲಿಗೆ ಉರಿಯುತ್ತಿವೆಯೋ ಇಲ್ಲವೋ ತಿಳಿಯದ ಎರಡು ಮೇಣದಬತ್ತಿಗಳು, ನಡುವೆ ಭವಿಷ್ಯ ಕೇಳುವ ಟ್ಯಾರೋ, ಇಸ್ಪೀಟಿಗಿಂತ ದೊಡ್ಡದಾದ ಚಿತ್ರದ ಎಲೆಗಳು. ಅಂದು ಯುಗಾದಿ. ಹಬ್ಬದ ದಿನ ಎಡಗೈ ಮುಂದೆ ಮಾಡಿದ್ದರೆ ಮೈಸೂರಿನಲ್ಲಿ ನನ್ನ ಅತ್ತೆ ಕಣ್ಣಲ್ಲೇ ತಡೆಯುತ್ತಿದ್ದರು. ಆದರೆ ಆ ವರ್ಷ ನಮ್ಮ ಮನೆಯಲ್ಲಿ ಹಬ್ಬವೇ ಇರಲಿಲ್ಲ.

ಹಿಂದಿನ ಜುಲೈನಲ್ಲಿ ನನ್ನ ಗಂಡ ಮುರಳಿ ಬ್ಯಾಂಕಿನಿಂದ ಬಂದು, ಶೂ ಬಿಚ್ಚಲು ಬಗ್ಗಿದವರು ಮತ್ತೆ ಏಳಲಿಲ್ಲ. ಅದಾಗಿ ಐದಾರು ತಿಂಗಳಿಗೆ ನೈರೋಬಿಯ ಒಂದು ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುವ ಕೆಲಸ ಸಿಕ್ಕಿತು. 2015ರ ಜನವರಿಯಲ್ಲಿ ಹನ್ನೊಂದು ವರ್ಷದ ಮಗಳು ನಿಧಿಯನ್ನು ಕರೆದುಕೊಂಡು ಹೊರಟೆ. ಧೈರ್ಯ ಮಾಡಿದಳು ಎಂದರು ಕೆಲವರು, ಇಷ್ಟು ಬೇಗ ಹೇಗೆ ಮನಸ್ಸು ಬಂತು ಎಂದರು ಹಲವರು. ನಿಜ ಹೇಳಬೇಕೆಂದರೆ ಎರಡೂ ಅಲ್ಲ. ಯಾರೋ ಬಸ್ಸಿನ ಬಾಗಿಲು ತೆರೆದರು, ಹತ್ತಿ ಕೂತೆ, ಅಷ್ಟೇ.

ನೈರೋಬಿಯ ಕಸರಾನಿ ಬಡಾವಣೆಯಲ್ಲಿ ಮೂರನೆಯ ಮಹಡಿಯ ಮನೆ. ಮೊದಲ ದಿನಗಳಲ್ಲಿ ಮೆಟ್ಟಿಲು ಹತ್ತಿದರೆ ಎದೆ ಕಟ್ಟುತ್ತಿತ್ತು. ದುಃಖವೆಂದರೆ ಇದೇ ಇರಬೇಕು, ಕೊನೆಗೂ ಬಂತು ಎಂದುಕೊಂಡೆ. ಆಮೇಲೆ ಸ್ಟಾಫ್‌ರೂಮಿನಲ್ಲಿ ಯಾರೋ ಹೇಳಿದರು: ನೈರೋಬಿ ಎತ್ತರದ ಊರು, ಗಾಳಿ ತೆಳು, ಹೊಸಬರಿಗೆಲ್ಲ ಹೀಗೇ ಆಗುತ್ತದೆ. ಕೆಲವು ವಾರಗಳಲ್ಲಿ ಉಸಿರು ಸರಿಹೋಯಿತು. ಎದೆಯಲ್ಲಿ ಬೇರೇನೂ ಉಳಿಯಲಿಲ್ಲ.

ಹೊಸ ಊರು ಕಲಿಯುವುದು ಕಷ್ಟವೆನ್ನುತ್ತಾರೆ. ಏನೂ ಅನಿಸದವರಿಗೆ ಅದು ಸುಲಭ. ಬೆಳಿಗ್ಗೆ ಮಟಾಟು ಹಿಡಿಯುವುದನ್ನು ಕಲಿತೆ. ನಮ್ಮ ಕಡೆಯ ಟೆಂಪೋದಂಥ ಗಾಡಿ, ಒಳಗೆ ಕಿವಿ ಕಿತ್ತುಹೋಗುವಂಥ ಹಾಡು. ಮೈಸೂರಿನ ಸಿಟಿ ಬಸ್ಸಿನಲ್ಲಾಗಿದ್ದರೆ ಜಗಳ ತೆಗೆಯುತ್ತಿದ್ದೆ, ಇಲ್ಲಿ ಆ ಗದ್ದಲದೊಳಗೆ ಸುಮ್ಮನೆ ಕೂರುತ್ತಿದ್ದೆ. 'ಸವಾ' ಅಂದರೆ ಸರಿ, 'ಅಸಾಂಟೆ' ಅಂದರೆ ಧನ್ಯವಾದ. ಈ ಎರಡರಲ್ಲೇ ಮಾರುಕಟ್ಟೆ ಮುಗಿಯುತ್ತಿತ್ತು. ಸೊಪ್ಪು ಮಾರುವ ಹೆಂಗಸು ಒಂದು ಕಟ್ಟನ್ನು ಕೈಗಿಟ್ಟು 'ಸುಕುಮಾ ವಿಕಿ' ಎಂದಳು. ವಾರ ತಳ್ಳು ಎಂದರ್ಥವಂತೆ, ಕೈ ಬಿಗಿಯಾದಾಗ ಅದನ್ನು ತಿಂದೇ ವಾರ ಕಳೆಯುತ್ತಾರಂತೆ. ಮನೆಗೆ ತಂದು ಮೆಣಸಿನಕಾಯಿ, ಕಾಯಿತುರಿ ಹಾಕಿ ಪಲ್ಯ ಮಾಡಿದೆ. ವಾರ ತಳ್ಳುವುದು ನನಗೆ ಗೊತ್ತಿದ್ದ ಕೆಲಸವೇ.

ಮನಸ್ಸಿಗೆ ತಟ್ಟಬೇಕಿದ್ದ ಒಂದು ಪದವಿತ್ತು, 'ಪೋಲೆ', ನಮ್ಮ 'ಅಯ್ಯೋ ಪಾಪ'ದಂಥದು. ಎಡವಿದರೆ ಪೋಲೆ, ಕೈಯಿಂದ ಪುಸ್ತಕ ಬಿದ್ದರೆ ಪೋಲೆ, ಗಂಡ ತೀರಿಹೋದ ಸುದ್ದಿ ಕೇಳಿದರೂ ಪೋಲೆ. ಶಾಲೆಯ ಲೈಬ್ರರಿ ನೋಡಿಕೊಳ್ಳುವ ವಾಂಜಿರು ನನ್ನ ಎರಡೂ ಕೈ ಹಿಡಿದು "ಪೋಲೆ ಸಾನಾ" ಎಂದಿದ್ದಳು. ತುಂಬ ಪೋಲೆ ಎಂದರ್ಥ. ಮೈಸೂರಿನಲ್ಲಿ ಬಂದವರೆಲ್ಲ ಗೋಡೆಗೊರಗಿ ಕೂತು, ಕಾಫಿ ಬೇಡವೆಂದು, ಎದ್ದುಹೋಗುತ್ತಿದ್ದರು. ಅವರಿಗೆ ಹೇಳಲು ಪದವಿರಲಿಲ್ಲ. ಇಲ್ಲಿ ಪದವಿತ್ತು, ಕೇಳಿಸಿಕೊಳ್ಳಲು ನಾನಿರಲಿಲ್ಲ.

ನಿಧಿ ಮಾತ್ರ ಬೇಗ ಬದಲಾದಳು. ಮೈಸೂರಿನಲ್ಲಿ ಕನ್ನಡದಲ್ಲೇ ಜಗಳವಾಡುತ್ತಿದ್ದವಳು ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸತೊಡಗಿದಳು. ಇಲ್ಲಿ ಬೆಳೆಯುವ ನಮ್ಮ ಕಡೆಯ ಮಕ್ಕಳೆಲ್ಲ ಹಾಗೇ ಎಂದು ಬಲ್ಲವರು ಸಮಾಧಾನ ಹೇಳಿದರು. ಅಪ್ಪನ ಮಾತನ್ನು ಮಾತ್ರ ಅವಳು ಯಾವ ಭಾಷೆಯಲ್ಲೂ ಎತ್ತುತ್ತಿರಲಿಲ್ಲ. ನಾನೂ ಎತ್ತುತ್ತಿರಲಿಲ್ಲ.

ಮಾರ್ಚಿನಲ್ಲಿ ಅತ್ತೆ ಫೋನ್ ಮಾಡಿದರು. "ಈ ವರ್ಷ ನಮಗೆ ಹಬ್ಬ ಇಲ್ಲ ಕಣಮ್ಮ, ಗೊತ್ತಲ್ಲ. ತೋರಣ ಕಟ್ಬೇಡ, ಒಬ್ಬಟ್ಟು ಮಾಡ್ಬೇಡ."

"ಗೊತ್ತು ಅತ್ತೆ."

"ಜುಲೈನಲ್ಲಿ ವರ್ಷಾಬ್ದಿಕಕ್ಕೆ ಬರ್ತೀಯಲ್ಲ, ಹಾಗೇ ಉಳ್ಕೊಂಬಿಡು. ಮಗೂನ ಇಟ್ಕೊಂಡು ಆ ಊರಲ್ಲಿ ಒಬ್ಬಳೇ ಏನು ಮಾಡ್ತೀಯ?"

ಪ್ರತಿ ವಾರವೂ ಇದೇ ಮಾತು. "ನೋಡೋಣ ಅತ್ತೆ" ಎನ್ನುವುದು ನನ್ನ ಉತ್ತರ. ಶಾಲೆಯವರು ಮುಂದಿನ ವರ್ಷಕ್ಕೂ ಇರುತ್ತೀರಾ ಎಂದು ಕೇಳಿದ್ದರು. ಅವರಿಗೂ ಅದನ್ನೇ ಹೇಳಿದ್ದೆ.

ನಮ್ಮ ಶಾಲೆಯಲ್ಲಿ ಚಿತ್ರಕಲೆ ಕಲಿಸುವ ಫಿಯೋನಾ ಸ್ಕಾಟ್ಲೆಂಡಿನವಳು. ಅವಳು ಚರ್ಚಿಗೆ ಹೋಗುವುದಿಲ್ಲ. ಕ್ರಿಸ್ತನಿಗಿಂತ ಮುಂಚೆ ಅವಳ ನಾಡಿನಲ್ಲಿದ್ದ ಋತುಗಳ ಪೂಜೆಯನ್ನು ನಂಬಿದವಳು. ಶನಿವಾರ ತಮ್ಮ ವಸಂತದ ಹಬ್ಬ, ಹೆಸರು ಓಸ್ಟಾರಾ, ಹಗಲು ಇರುಳು ಸಮನಾಗುವ ದಿನ, ಮಗಳನ್ನು ಕರೆದುಕೊಂಡು ಬಾ ಎಂದಳು. ಅದೇ ಶನಿವಾರ ಯುಗಾದಿ. ನಮ್ಮ ಹಬ್ಬ ಮಾಡುವಂತಿರಲಿಲ್ಲ. ಇನ್ನೊಬ್ಬರ ಹಬ್ಬಕ್ಕೆ ಹೋಗಬಾರದೆಂದು ಯಾರೂ ಹೇಳಿರಲಿಲ್ಲ. ನಿಧಿ ಹೊಸ ಫ್ರಾಕ್ ಹಾಕಿಕೊಳ್ಳಲೇ ಎಂದು ಕೇಳಿದಳು. ಹೂಂ ಎಂದೆ.

ಕಸರಾನಿಯಿಂದ ಅವಳಿದ್ದ ಮುಥೈಗಾಕ್ಕೆ ದೂರವೇನಿಲ್ಲ, ಆದರೆ ಬೇರೆಯೇ ಲೋಕ. ಎತ್ತರದ ಗೋಡೆಗಳು, ರಾಯಭಾರಿಗಳ ಬಂಗಲೆಗಳು, ರಸ್ತೆಯಲ್ಲಿ ನಡೆಯುವವರೇ ಇಲ್ಲ. ಅಂಥದೊಂದು ಬಂಗಲೆಯ ಹಿತ್ತಲಿನ ಪುಟ್ಟ ಮನೆಯಲ್ಲಿ ಫಿಯೋನಾ ಬಾಡಿಗೆಗಿದ್ದಳು. ಅಲ್ಲಿ ನಾವಿಬ್ಬರು, ವಾಂಜಿರು, ಫಿಯೋನಾ, ಅಷ್ಟೇ ಜನ.

ನಾನು ಮೇಷ್ಟರ ಬುದ್ಧಿ ಬಿಡಲಿಲ್ಲ. "ನೈರೋಬಿ ಸಮಭಾಜಕದಿಂದ ಸ್ವಲ್ಪ ದಕ್ಷಿಣಕ್ಕಿದೆ. ಲೆಕ್ಕಕ್ಕೆ ಇದು ವಸಂತವಲ್ಲ, ಶರತ್ತು. ಇಲ್ಲಿ ಹಗಲು ಇರುಳು ವರ್ಷವೆಲ್ಲ ಹೆಚ್ಚುಕಮ್ಮಿ ಸಮ" ಎಂದೆ.

"ನಮಗೆ ವಸಂತವೂ ಇಲ್ಲ, ಶರತ್ತೂ ಇಲ್ಲ" ಎಂದಳು ವಾಂಜಿರು, ಕೇಕಿನ ತುಂಡು ಕೈಗೆತ್ತಿಕೊಳ್ಳುತ್ತ. "ಮಳೆ ಇದೆ, ಮಳೆಗೆ ಕಾಯೋದು ಇದೆ. ನಾನು ಭಾನುವಾರ ಚರ್ಚಿಗೆ ಹೋಗೋಳು. ಎಲೆ ಮುಟ್ಟಲ್ಲ, ಕೇಕ್ ತಿಂತೀನಿ."

ಫಿಯೋನಾ ನಕ್ಕಳು. "ಲೆಕ್ಕ ನನಗೂ ಗೊತ್ತು. ಆದರೆ ಮಾರ್ಚ್ ಬಂದರೆ ನನ್ನ ಮೈ ಅಲ್ಲಿಯ ಮಂಜು ಕರಗೋದನ್ನೇ ಕಾಯುತ್ತೆ. ಎಷ್ಟು ವರ್ಷ ಆದರೂ."

ಆಮೇಲೆ ಟ್ಯಾರೋ ಎಲೆಗಳನ್ನು ಕಲಸಿ ಹರಡಿದಳು. ಚಳಿಗಾಲದಿಂದ ಏನನ್ನು ಬಿಟ್ಟು ಮುಂದೆ ಹೋಗಬೇಕು ಎಂದು ಹಬ್ಬದ ದಿನ ಎಲೆಯನ್ನು ಕೇಳುವುದು ಅವಳ ಪದ್ಧತಿ. ಯುಗಾದಿಯಂದು ಮುರಳಿ ಪಂಚಾಂಗ ಹಿಡಿದು, ಒಬ್ಬೊಬ್ಬರ ರಾಶಿ ಕೇಳಿ, ಇಲ್ಲದ್ದನ್ನೆಲ್ಲ ಸೇರಿಸಿ ಓದಿ ನಗಿಸುತ್ತಿದ್ದರು. ನನಗದು ನೆನಪಾಯಿತು. ಎಂದೋ ಓದಿದ ಪಾಠ ನೆನಪಾಗುವ ಹಾಗೆ ನೆನಪಾಯಿತು.

ಎಡಗೈಯಿಂದಲೇ ಒಂದೆಲೆ ಎತ್ತಿದೆ. ಮರದಡಿ ಕೈಕಟ್ಟಿ ಕೂತ ಒಬ್ಬ ಮನುಷ್ಯ. ಎದುರಿಗೆ ಮೂರು ಬಟ್ಟಲು. ಮೋಡದೊಳಗಿಂದ ಒಂದು ಕೈ ನಾಲ್ಕನೆಯದನ್ನು ಚಾಚುತ್ತಿದೆ.

"ಏನು ಕಾಣುತ್ತೆ?" ಎಂದಳು ಫಿಯೋನಾ.

"ಎಷ್ಟು ಕರೆದರೂ ಊಟಕ್ಕೆ ಏಳದವನು."

ವಾಂಜಿರು ಜೋರಾಗಿ ನಕ್ಕಳು. ನಾನೂ ತುಟಿ ಅಗಲಿಸಿದೆ. ಫಿಯೋನಾ ನಗಲಿಲ್ಲ.

ನಿಧಿ ತಾನೂ ಎತ್ತುತ್ತೇನೆಂದಳು. ಎತ್ತಿ ತಿರುಗಿಸಿದಳು. ಬಿಳಿ ಕುದುರೆಯ ಮೇಲೆ ಕವಚ ತೊಟ್ಟ ಅಸ್ಥಿಪಂಜರ, ಕೈಯಲ್ಲಿ ಕಪ್ಪು ಬಾವುಟ. ಕೆಳಗೆ ಬರೆದಿತ್ತು: ಡೆತ್.

ವಾಂಜಿರು ತಟ್ಟೆ ಕೆಳಗಿಟ್ಟಳು. ಫಿಯೋನಾಳ ಕತ್ತು ಕೆಂಪೇರಿತು. "ಹೆದರಬೇಡ ಮರಿ, ಈ ಎಲೆಗೆ ಎಲ್ಲರೂ ಹೆದರುತ್ತಾರೆ. ಇದರ ಅರ್ಥ ಸಾವು ಅಲ್ಲ. ಬದಲಾವಣೆ. ಹಳೆಯದು ಹೋಗಿ ಹೊಸದು ಬರುವುದು" ಎಂದು ಒಂದೇ ಉಸಿರಿನಲ್ಲಿ ಹೇಳಿದಳು.

ನಿಧಿ ಎಲೆಯಿಂದ ಕಣ್ಣು ತೆಗೆಯಲಿಲ್ಲ. "ಇಟ್ಸ್ ಓಕೆ. ಮೈ ಡ್ಯಾಡ್ ಡೈಡ್" ಎಂದಳು. ಇದು ಬರೀ ಸಾವೇ ಆಗಿದ್ದರೂ ಪರವಾಗಿಲ್ಲ ಎಂದೂ ಇಂಗ್ಲಿಷಿನಲ್ಲೇ ಹೇಳಿದಳು.

ನಿಧಿ ಚಿತ್ರದ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿದಳು. ಕುದುರೆಯ ಕಾಲ ಬಳಿ ಮಂಡಿಯೂರಿದ ಒಂದು ಮಗು, ಅದರ ಪಕ್ಕ ಹೂ ಮುಡಿದ ಹೆಣ್ಣು. "ನೋಡಮ್ಮ" ಎಂದಳು, ಎಷ್ಟೋ ವಾರಗಳ ಮೇಲೆ ಕನ್ನಡದಲ್ಲಿ. "ಇವಳು ಮುಖ ತಿರುಗಿಸ್ಕೊಂಡಿದಾಳೆ. ಪಾಪು ಮಾತ್ರ ನೋಡ್ತಿದೆ."

ನಾನು ನೋಡಿದೆ. ಹೌದು ಎಂದೆ. ಅಳು ಬರುತ್ತದೆಂದು ಕಾದೆ, ಬರಲಿಲ್ಲ. ಆದರೆ ಒಂದು ವಿಷಯ ತಿಳಿಯಿತು: ನಮ್ಮ ಮನೆಯಲ್ಲಿ ಯಾರೂ 'ಸತ್ತರು' ಎಂದಿರಲಿಲ್ಲ. ಹೋಗಿಬಿಟ್ಟರು, ತೀರಿಕೊಂಡರು, ದೇವರ ಪಾದ ಸೇರಿದರು ಎಂದಿದ್ದೆವು. ಅದಕ್ಕೇ ಮಗು ಬೇರೆ ಭಾಷೆಗೆ ಹೋಗಿ ಆ ಪದ ತಂದಿತ್ತು.

ವಾಂಜಿರು ಎದ್ದುಬಂದು ನಿಧಿಯ ಪಕ್ಕ ಕೂತಳು. "ನಿನ್ನ ಅಪ್ಪ ಹೇಗಿದ್ದರು, ಹೇಳು" ಎಂದಳು. ನಿಧಿ ಹೇಳಿದಳು. ಅಪ್ಪನಿಗೆ ಸೀಟಿ ಹೊಡೆಯಲು ಬರುತ್ತಿರಲಿಲ್ಲ, ಆದರೂ ಹೊಡೆಯುತ್ತಿದ್ದರು. ಗಣಿತ ಹೇಳಿಕೊಡುವಾಗ ನಿದ್ದೆ ಮಾಡುತ್ತಿದ್ದರು. ಪಂಚಾಂಗದಲ್ಲಿ ತನ್ನ ರಾಶಿಗೆ ಈ ವರ್ಷ ಆನೆ ಸಿಗುತ್ತದೆ ಎಂದು ಓದಿದ್ದರು. ಫಿಯೋನಾ ಎಲೆಗಳನ್ನು ಒಟ್ಟುಮಾಡಿ ಕಟ್ಟಿಟ್ಟಳು, ಮತ್ತೆ ಬಿಚ್ಚಲಿಲ್ಲ. ಅವಳ ವಸಂತದ ಹಬ್ಬ ಮುರಳಿಯ ಮಾತಿನಲ್ಲೇ ಮುಗಿಯಿತು.

ಮರುದಿನ ಭಾನುವಾರ, ಬೆಳಿಗ್ಗೆ ಅತ್ತೆಗೆ ನಾನೇ ಫೋನ್ ಮಾಡಿ ಎಲ್ಲ ಹೇಳಿದೆ. ಎಲೆ, ಮೊಟ್ಟೆ, ಎಡಗೈ, ಯಾವುದನ್ನೂ ಮುಚ್ಚಿಡಲಿಲ್ಲ. ಬೈಯುತ್ತಾರೆಂದೇ ತಿಳಿದಿದ್ದೆ.

ಅವರು ಬೈಯಲಿಲ್ಲ. "ಸತ್ತೋದ್ರು ಅಂತಲೇ ಅಂದ್ಲಾ ಮಗು?" ಎಂದರು.

"ಹೂಂ ಅತ್ತೆ."

"ನನ್ನ ಮಗ ಸತ್ತೋದ ಕಣೇ" ಎಂದರು. "ಯಾರೂ ನನ್ನ ಹತ್ರ ಆ ಮಾತು ಆಡಲ್ಲ. ನಾನು ಶುರು ಮಾಡಿದ್ರೆ ಬಿಡಿ ಬಿಡಿ ಅಂತಾರೆ, ಟೀವಿ ಹಾಕ್ತಾರೆ. ಅವನ ಹೆಸರು ಹೇಳಿದ್ರೆ ನನ್ನ ಬೀಪಿ ಏರುತ್ತಂತೆ."

ಅವರು ಅತ್ತರು. ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದು ಕೇಳಿದೆ.

ಸಮಾಧಾನವಾದ ಮೇಲೆ ಅವರೇ ಹೇಳಿದರು: "ವರ್ಷಾಬ್ದಿಕಕ್ಕೆ ಬಾ. ಮುಗಿಸ್ಕೊಂಡು ವಾಪಸ್ ಹೋಗು. ಅಲ್ಲೇ ಇರು ಇನ್ನಷ್ಟು ದಿನ. ಇಲ್ಲಿಗೆ ಬಂದ್ರೆ ಮಗೂನ ಮಾತಾಡಕ್ಕೆ ಬಿಡಲ್ಲ ಈ ಜನ."

"ನಿಮಗೆ ಒಬ್ಬರಿಗೇ ಕಷ್ಟ ಆಗಲ್ವಾ ಅತ್ತೆ?"

"ಆಗುತ್ತೆ. ಭಾನುವಾರ ಭಾನುವಾರ ಫೋನ್ ಮಾಡು. ಅವನ ವಿಷಯ ಮಾತಾಡೋಣ."

ಸೋಮವಾರ ಶಾಲೆಯವರಿಗೆ ಇರುತ್ತೇನೆ ಎಂದು ತಿಳಿಸಿದೆ. ಅವರು ಸಂತೋಷಪಟ್ಟರು. ನಿಧಿಯೂ ಸಂತೋಷಪಟ್ಟಳು.

ಬಾ ಬಾ ಎಂದು ಅತ್ತೆ ಕರೆಯುತ್ತಿದ್ದಷ್ಟು ದಿನ ನೈರೋಬಿಯಲ್ಲಿರುವುದು ನನಗೆ ಕಷ್ಟವಾಗಿರಲಿಲ್ಲ. ಕರೆಯುವವರಿದ್ದರು, ನೋಡೋಣ ಎಂದರೆ ಸಾಕಿತ್ತು. ಅಲ್ಲೇ ಇರು ಎಂದು ಅವರು ಹೇಳಿದ ಮೇಲೆ, ಅಂದು ಸಂಜೆ ಶಾಲೆಯ ಗೇಟಿನ ಹೊರಗೆ ಮಟಾಟುವಿಗೆ ಕಾಯುತ್ತ ನಿಂತಿದ್ದಾಗ, ಇಲ್ಲಿಗೆ ಬಂದ ಮೇಲೆ ಮೊದಲ ಸಲ ನನಗೆ ಮೈಸೂರಿಗೆ ಹೋಗಬೇಕು ಅನಿಸಿತು.