ತಾಯಿ ಹೆಸರಿನ ಕೆಳಗೊಂದು ಹೆಬ್ಬೆಟ್ಟು

ಬೆಳಗಿನ ಐದೂವರೆ. ನಾಸಿಕದ ಕಾರ್ಖಾನೆ ಪ್ರದೇಶ ಸಾತಪುರದಲ್ಲಿ ಮೊದಲ ಪಾಳಿಯ ಭೋಂಗಾ, ಅಂದರೆ ಸೈರನ್, ಇನ್ನೂ ಕೂಗಿಲ್ಲ. ತಗಡಿನ ಖೋಲಿಯ ಹೊಸ್ತಿಲಲ್ಲಿ ಕೂತ ಕಸ್ತೂರಿಬಾಯಿ ಹಳೆಯ ಹಾಲುಪುಡಿ ಡಬ್ಬಿಯನ್ನು ಅಂಗೈಗೆ ಬಗ್ಗಿಸುತ್ತಾರೆ. ಎರಡು ಹುಣಸೆ ಬೀಜ ಬೀಳುತ್ತವೆ. ಒಂದು ಹೊಸದು, ಇನ್ನೊಂದು ಸವೆದು ಕಪ್ಪಾದದ್ದು. ಗೋಡೆಯ ಮೇಲಿನ ಇದ್ದಿಲ ಗೀಟುಗಳ ಮೇಲೆ ಬೆರಳಾಡಿಸುತ್ತಾರೆ. ಹದಿನಾಲ್ಕು.

"ಕೂಸು ಹುಟ್ಟಿದ ಹದಿನಾಲ್ಕು ದಿನದಾಗ ಬರಸಬೇಕಂತ ಕಾಯ್ದೆ. ಇವತ್ತೇ ಕಡೀ ದಿನ ನೋಡ್ರಿ. ಇವತ್ತ ಬರಸಬೇಕು," ಎನ್ನುತ್ತಾರೆ.

ಕಸ್ತೂರಿಬಾಯಿ ಸೂಲಗಿತ್ತಿ. ಭಾಲ್ಕಿ ಕಡೆಯವರು, ವಯಸ್ಸು ಐವತ್ತರ ಆಸುಪಾಸು. ಬೀದರ, ಗುಲ್ಬರ್ಗಾದಿಂದ ನಾಸಿಕಕ್ಕೆ ದುಡಿಯಲು ಬಂದವರ ಗಲ್ಲಿಗಳಲ್ಲಿ ಹೆರಿಗೆ ಮಾಡಿಸುತ್ತಾರೆ. ಅಕ್ಷರ ಬಾರದು. ಮಗು ಹುಟ್ಟಿದರೆ ಮೊದಲ ಡಬ್ಬಿಗೆ ಒಂದು ಬೀಜ. ಅದು ಜನನ ನೋಂದಣಿ ಕಚೇರಿಯ ಪುಸ್ತಕಕ್ಕೆ ಏರಿದ ದಿನ ಬೀಜ ಎರಡನೇ ಡಬ್ಬಿಗೆ. ಇಷ್ಟೇ ಅವರ ಲೆಕ್ಕ. ಪೇಪರಿಗೆ ಬರೆದು ಹೊಟ್ಟೆ ಹೊರೆಯುವ ನಾನು ನನ್ನ ಮಗಳ ಜನನ ಬರೆಸಲು ಮೂರು ವರ್ಷ ಮೈಗಳ್ಳತನ ಮಾಡಿ, ಕೊನೆಗೆ ಮ್ಯಾಜಿಸ್ಟ್ರೇಟರ ಮುಂದೆ ಕೈಕಟ್ಟಿ ನಿಂತವನು. ಇವರು ಒಂದು ಬೀಜವನ್ನೂ ತಪ್ಪಿಸಿಲ್ಲ.

"ನಮ್ಮ ಮಂದಿ ಏನಂತಾರ, ಊರಿಗಿ ಹೋದಾಗ ಊರಾಗ ಬರಸ್ತೀವಿ ಅಂತಾರ. ಊರಾಗ ಹ್ಯಾಂಗ ಬರೀತಾರ್ರಿ? ಕೂಸು ಎಲ್ಲಿ ಹುಟ್ಟಿತೋ ಅಲ್ಲೇ ಬರಸಬೇಕು. ಹೇಳಿ ಹೇಳಿ ನನ್ನ ಬಾಯಿ ಒಣಗ್ಯಾದ."

ಮೊದಲು ತಿಂಗಳಿಗೆ ಎಂಟೊಂಬತ್ತು ಹೆರಿಗೆ. ಈ ತಿಂಗಳು ಮೂರೇ. ಬಸುರಿಯರು ಕಡಿಮೆಯಾಗಿಲ್ಲ, ಕರೆಯುವವರು ಕಡಿಮೆಯಾಗಿದ್ದಾರೆ. ಇದು ಎಪ್ಪತ್ತಾರನೇ ಇಸವಿ, ತುರ್ತುಪರಿಸ್ಥಿತಿಯ ಕಾಲ. ಗಲ್ಲಿಗೆ ಸರ್ಕಾರಿ ಜೀಪು ಬಂತೆಂದರೆ ಗಂಡಸರು ಹಿಂದಿನ ಗೋಡೆ ಹಾರುತ್ತಾರೆ. ಮೂರಕ್ಕಿಂತ ಹೆಚ್ಚು ಮಕ್ಕಳಿದ್ದವರನ್ನು ಮಕ್ಕಳಾಗದಂತೆ ಮಾಡುವ ಆಪರೇಷನ್ ಕ್ಯಾಂಪಿಗೆ ಒಯ್ಯುತ್ತಾರಂತೆ, ಹೆಸರು ಸಿಗುವುದು ಜನನದ ಪುಸ್ತಕದಿಂದಲೇ ಅಂತೆ. ಅಂತೆಯೋ ಹೌದೋ, ಯಾರನ್ನು ಕೇಳುವುದು? ಕೇಳಲೂ ಹೆದರಿಕೆ. ಈ ಬರಹದಲ್ಲಿ ಹೆಸರು, ಗಲ್ಲಿ ಎಲ್ಲ ಬದಲಿಸಿದ್ದೇನೆ. ಅಂಜಿಕೆ ಅವರಿಗಷ್ಟೇ ಅಲ್ಲ, ನನಗೂ ಇದೆ.

ಹೊಸ ಬೀಜ ರೇವಣಪ್ಪನ ನಾಲ್ಕನೇ ಮಗುವಿನದು. ನಾವಿನ್ನೂ ಚಹಾ ಮುಗಿಸಿಲ್ಲ, ಅವನೇ ಬಂದು ಬಾಗಿಲಿಗೆ ಅಡ್ಡ ನಿಲ್ಲುತ್ತಾನೆ. ಕಾರ್ಖಾನೆಯಲ್ಲಿ ಕಬ್ಬಿಣ ಎತ್ತುವ ಆಳು, ಕಣ್ಣು ಕೆಂಪಗಿವೆ. ನಾಲ್ಕನೇ ಮಗುವಾದವರು ಆಪರೇಷನ್ ಚೀಟಿ ತರಬೇಕು, ಇಲ್ಲವೇ ಕೆಲಸ ಬಿಡಬೇಕು ಎಂದು ಫೋರ್‌ಮನ್ ಹೇಳಿದ್ದಾನಂತೆ.

"ಬಾಯಾರ, ತಾಯಿ ಸುಶೀಲಾಬಾಯಿ, ತಂದಿ ಆಕೀ ಗಂಡ ಅಂತ ಬರಸ್ರಿ. ಹ್ಯಾಂಗೂ ಕೂಸನ್ನ ಆಕೀಗೇ ಕೊಡೋದದ. ನಿಮ್ಮದೇನ್ ಹೋಗ್ತದ?"

ಸುಶೀಲಾಬಾಯಿ ಅವನ ಹೆಂಡತಿಯ ಅಕ್ಕ. ಔರಂಗಾಬಾದಿನಲ್ಲಿದ್ದಾಳೆ, ಮಕ್ಕಳಿಲ್ಲ. ಕೂಸನ್ನು ಅವಳ ಉಡಿಗೆ ಹಾಕುವ ಮಾತಾಗಿದೆ.

"ಸುಳ್ಳು ಬರಸಂಗಿಲ್ಲಪ್ಪ," ಎನ್ನುತ್ತಾರೆ ಕಸ್ತೂರಿಬಾಯಿ.

"ಹಂಗಾದ್ರ ಜೀಪ್ ಕರಸಾಕಿ ನೀವೇ ಅಂತ ಗಲ್ಲಿ ತುಂಬ ಹೇಳ್ತೀನಿ. ನಾಳಿಂದ ಯಾರ್ ಕರೀತಾರ ನೋಡ್ತೀನಿ!"

ಅವನು ಹೋದ ಮೇಲೆ ಕಸ್ತೂರಿಬಾಯಿ ಚಹಾದ ಕಪ್ಪು ಬಸಿ ಬದಿಗಿಡುತ್ತಾರೆ. ಒಂದೇ ಮಾತಿಗೆ ಇಪ್ಪತ್ತು ವರ್ಷದ ಕಸುಬು ಹೋದೀತು. "ಅಂಜಿಕಿ ಆಗ್ಲತ್ತದ್ರಿ," ಎನ್ನುತ್ತಾರೆ. ಆದರೂ ಸೆರಗು ಸಿಕ್ಕಿಸಿಕೊಂಡು ಎದ್ದರು. ಕಚೇರಿಗಲ್ಲ, ಬಾಣಂತಿಯ ಮನೆಗೆ.

ರೇವಣಪ್ಪನ ಹೆಂಡತಿ ಶಾಂತಾಬಾಯಿ ಕೂಸನ್ನು ಎದೆಗವುಚಿಕೊಂಡು ಮಲಗಿದ್ದಾಳೆ. ನಾನು ಹೊರಗೆ ನಿಂತಿದ್ದೇನೆ, ಕಸ್ತೂರಿಬಾಯಿಯ ಮಾತು ಕೇಳಿಸುತ್ತದೆ.

"ಅಕ್ಕಗ ಕೊಡು, ಬ್ಯಾಡ ಅನ್ನಂಗಿಲ್ಲ. ಆದ್ರ ಮೊದಲು ಹುಟ್ಟಿದ್ದು ಹುಟ್ಟಿದಂಗ ಬರಸು. ತಾಯಿ ಶಾಂತಾಬಾಯಿ ಅಂತ. ಆಮ್ಯಾಲ ನೀವು ಗಂಡ ಹೆಂಡ್ತಿ, ಅವರು ಗಂಡ ಹೆಂಡ್ತಿ, ನಾಲ್ಕೂ ಮಂದಿ ಒಪ್ಪಿ, ಕೂಸನ್ನ ಆಕೀ ಕೈಯಾಗ ಕೊಟ್ಟು, ಸ್ಟಾಂಪ್ ಕಾಗದದ ಮ್ಯಾಲ ದತ್ತಕಪತ್ರ ಬರಸ್ರಿ. ಎರಡು ಸಾಕ್ಷಿ ಹಾಕಿ ಸಬ್‌ರಿಜಿಸ್ಟ್ರಾರ್ ಕಡಿ ರಿಜಿಸ್ಟರ್ ಮಾಡ್ರಿ. ಕೊಟ್ಟಾಕಿ ಹೆಸರೂ ಉಳೀತದ, ತಗೊಂಡಾಕಿ ಹೆಸರೂ ಉಳೀತದ."

"ಬರಸಲಿಲ್ಲಂದ್ರ?"

"ನೀ ಯಾರೂ ಅಲ್ಲ. ನಾಳಿ ಆಕೀ ಮಡಿಲಾಗ ಈ ಕೂಸು ಅತ್ತರ ನೀ ಬರೇ ಚಿಕ್ಕವ್ವ."

ಶಾಂತಾಬಾಯಿ ಅಳುತ್ತ ಹೇಳುತ್ತಾಳೆ: "ನನ್ನ ಹೆಸರೇ ಬರಸ್ರಿ. ಅವರು ಬಡದರ ಬಡೀಲಿ."

ಹನ್ನೊಂದಕ್ಕೆ ಕಚೇರಿ. ಹೊರಗೊಂದು ಜೀಪು ನಿಂತಿದೆ. ಕಸ್ತೂರಿಬಾಯಿ ನನ್ನ ತೋಳು ಹಿಡಿಯುತ್ತಾರೆ. ಅದು ಯಾರದೋ ಬೇರೆ ಜೀಪು, ಹೊರಟುಹೋಗುತ್ತದೆ. ಗುಮಾಸ್ತ ತಲೆ ಎತ್ತದೆ ಮರಾಠಿಯಲ್ಲಿ ಕೇಳುತ್ತಾನೆ, ಇವರು ಮರಾಠಿಯಲ್ಲೇ ಹೇಳುತ್ತಾರೆ: ಹೆಣ್ಣು, ತಾರೀಖು, ತಂದೆ ರೇವಣಪ್ಪ, ತಾಯಿ ಶಾಂತಾಬಾಯಿ. ಕೆಳಗೆ ಹೆಬ್ಬೆಟ್ಟು ಒತ್ತುತ್ತಾರೆ.

ಗೇಟಿನಲ್ಲಿ ರೇವಣಪ್ಪ ಕಾದಿದ್ದಾನೆ.

"ಬರಸಿದ್ರಾ?"

"ಬರಸಿದೆ. ನಿನ್ನ ಹೆಂಡ್ತಿ ಬರಸು ಅಂದಳು."

ಬಯ್ಯಬಹುದು, ಹೊಡೆಯಬಹುದು ಎಂದುಕೊಂಡೆ. ಅವನು ಅಲ್ಲೇ ನೆಲಕ್ಕೆ ಕುಸಿದು, "ಇನ್ನ ನಾ ಎಲ್ಲಿ ಹೋಗ್ಲಿ?" ಎಂದು ಮಾತ್ರ ಕೇಳಿದ. ಕಸ್ತೂರಿಬಾಯಿ ಅವನ ಪಕ್ಕ ಕೂತರು. ಕೆಲಸ ಹೋದರೆ ಲಾಸಲಗಾಂವಿನ ಉಳ್ಳಾಗಡ್ಡಿ ಬಜಾರಿನಲ್ಲಿ ಹಮಾಲಿ ಕೇಳೋಣ, ನಾನೇ ಬರುತ್ತೇನೆ ಎಂದರು.

ಖೋಲಿಗೆ ಮರಳಿ ಹೊಸ ಬೀಜವನ್ನು ಎರಡನೇ ಡಬ್ಬಿಗೆ ಹಾಕುತ್ತಾರೆ. ಮೊದಲನೆಯದರಲ್ಲಿ ಕಪ್ಪು ಬೀಜ ಉಳಿಯುತ್ತದೆ. ಅದು ಯಾರದು ಎಂದು ಕೇಳಿದೆ. ಕೇಳಬಾರದಿತ್ತೇನೋ.

"ನಂದ್ರಿ. ನಾ ಹಡದದ್ದು." ಇಪ್ಪತ್ತಮೂರು ವರ್ಷದ ಹಿಂದೆ ಗಂಡ ತೀರಿದಾಗ ಕಸ್ತೂರಿಬಾಯಿ ತುಂಬಿದ ಬಸುರಿ. ಔರಂಗಾಬಾದಿನಲ್ಲಿ ಕೆಲಸಕ್ಕಿದ್ದ ಮನೆಯವರಿಗೆ ಮಕ್ಕಳಿರಲಿಲ್ಲ. ಹುಟ್ಟಿದ ಹೆಣ್ಣುಕೂಸನ್ನು ಅವರಿಗೇ ಕೊಟ್ಟರು. ಪುಸ್ತಕದಲ್ಲಿ ತಾಯಿಯ ಜಾಗಕ್ಕೆ ಯಜಮಾನಿಯ ಹೆಸರು ಬಿತ್ತು. ಕೆಳಗೆ ಹೆಬ್ಬೆಟ್ಟು ಒತ್ತಿದವರು ಇವರೇ, ಹೆರಿಗೆ ಮಾಡಿಸಿದವಳು ಎಂದು. ಹೋದ ವರ್ಷ ಮಗಳ ಮದುವೆಗೆ ಕರೆ ಬಂತು. ಸೂಲಗಿತ್ತಿಗೆಂದು ಒಂದು ಸೀರೆ ಕೊಟ್ಟರು.

"ಹೇಳಬೇಕಂದ್ರ ಅಂಜಿಕಿ. ಸುಳ್ಳು ಬರಸಿದಾಕಿ ನಾನೇ. ಹುಡುಗಿ ಸಂಸಾರ ಏನಾಗಬೇಕು?"

ಈಗ ಆ ಹುಡುಗಿ ಎಂಟು ತಿಂಗಳ ಬಸುರಿ. ಹೆರಿಗೆಗೆ ಇವರನ್ನೇ ಕರೆದಿದ್ದಾರೆ. ಬಾಯಿ ತಪ್ಪಿ ನಿಜ ಹೊರಬಿದ್ದೀತೆಂದು ಈಗಿನಿಂದಲೇ ಹೆದರಿಕೆ. ಆದರೂ ಹೋಗುತ್ತಾರೆ. ಏನಾದರೂ ಆಸೆ ಇದೆಯೇ ಎಂದು ಕೇಳಿದೆ. ಕಸ್ತೂರಿಬಾಯಿ ಶಾಯಿ ಆರದ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ.

"ಆಕೀ ಕೂಸು ಹುಟ್ಟಿದ ಹದಿನಾಲ್ಕು ದಿನದೊಳಗ ನಾನೇ ಹೋಗಿ ಬರಸ್ತೀನ್ರಿ. ತಾಯಿ ಅಂಬೋ ಜಾಗಾದಾಗ ಆಕೀ ಹೆಸರು ಇರ್ತದ, ಕೆಳಗ ನನ್ನ ಹೆಬ್ಬಟ್ಟು. ಒಂದೇ ಕಾಗದದಾಗ ಇಬ್ರೂ ಇರ್ತೀವಿ. ಅಷ್ಟಾದ್ರ ಸಾಕು."